ಗೇಜ್ ಕಾಕಾ ಓದಿದ ವರ್ಣತಂತು

ಕಳೆದ ತಿಂಗಳು ಶಹಾಪುರದ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಫ್ಯಾನಿಗೆ ಹೊಂದುವ ರೆಕ್ಕೆ ಹುಡುಕುತ್ತಿದ್ದೆ. ತಗಡಿನ ರಾಶಿಯ ಅಡಿಯಿಂದ ಮೊಳದುದ್ದದ ಎನಾಮಲ್ ಪಟ್ಟಿಯೊಂದು ಹೊರಗೆ ಬಂತು. ಬಿಳಿಯ ಮೇಲೆ ಕಪ್ಪು ಗೆರೆಗಳು, ಗೆರೆಗಳ ಪಕ್ಕ ಅಂಕಿಗಳು, ಕೆಳತುದಿಯಲ್ಲಿ ಒಣಗಿ ಪುಡಿಯಾಗುತ್ತಿದ್ದ ಪಾಚಿ. ಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಎಂದು ನೋಡಲು ಸೇತುವೆಯ ಬಳಿ ನೆಡುತ್ತಿದ್ದ ಗೇಜ್ ಪಟ್ಟಿ ಅದು. "ಅದು ಸಾದಾ ತಗಡ್ರಿ, ಬೇಕಿದ್ರ ಹಂಗ ಒಯ್ರಿ" ಎಂದ ಅಂಗಡಿಯವನು. ನಾನು ಒಯ್ಯಲಿಲ್ಲ. ಆದರೆ ಫ್ಯಾನಿನ ರೆಕ್ಕೆಯನ್ನು ಮರೆತು ಮನೆಗೆ ಬಂದೆ.

ಆ ಪಟ್ಟಿಯಂಥ ಪಟ್ಟಿಗಳನ್ನು ಇಪ್ಪತ್ತೆಂಟು ವರ್ಷ ಓದಿದವರೊಬ್ಬರು ನನ್ನ ನೆರೆಮನೆಯಲ್ಲಿದ್ದರು. ಓಣಿಯ ಮಂದಿಗೆಲ್ಲ ಅವರು ಗೇಜ್ ಕಾಕಾ. ನನಗೂ ಹಾಗೆಯೇ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಸೈಕಲ್ ಮೇಲೆ ಉಪಕಾಲುವೆಯ ಸೇತುವೆಗೆ ಹೋಗಿ, ಬಗ್ಗಿ ಪಟ್ಟಿ ನೋಡಿ, ರಿಜಿಸ್ಟರಿನಲ್ಲಿ ಅಳತೆ ಬರೆಯುವುದು ಅವರ ನೌಕರಿ. ಕಾಲುವೆ ಬಂದ ಮೊದಲ ವರ್ಷ ಸೇರಿದವರು, ಜೋಳದ ಹೊಲಗಳು ಭತ್ತದ ಗದ್ದೆಗಳಾಗುವುದನ್ನು ಸೇತುವೆಯ ಮೇಲೆ ನಿಂತೇ ನೋಡಿದವರು. ನಾನು ಆಗ ಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರ. ಅವರು ನಿವೃತ್ತರಾದ ಮೇಲೆ ಓದಲು ಪಟ್ಟಿ ಇಲ್ಲದೆ ನನ್ನ ವರದಿಗಳನ್ನು ಓದತೊಡಗಿದರು. ಅದೂ ಪೆನ್ಸಿಲ್ ಹಿಡಿದುಕೊಂಡು.

"ಏನಪಾ ಪೇಪರಿನವ್ನ, ನಿನ್ನಿ ಯಾದಗಿರ್ಯಾಗ ಬಿಸಿಲು ನಲವತ್ತೆರಡು ಡಿಗ್ರಿ ಅಂತ ಬರ್ದೀದಿ. ಯಾರ ಅಂಗಳದಾಗ ನೋಡಿದಿ?"

"ಆಫೀಸಿನಿಂದ ಬಂದದ್ದು ಕಾಕಾ."

"ಆಫೀಸ್ ಎಲ್ಲಿ ನೋಡ್ತು? ಗಿಡದ ನೆಳ್ಳಾಗೋ, ಟಗರಿನ ಬೆನ್ನ ಮ್ಯಾಲೋ?"

ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಅವರ ಬಳಿ ಒಂದು ಲೆಕ್ಕವಿತ್ತು. ಯಾರೂ ಕಲಿಸಿದ್ದಲ್ಲ. ಕಾಲುವೆಯ ನೀರು ಯಾವ ದಿನವೂ ನಿನ್ನೆಯಷ್ಟೇ ಇರುವುದಿಲ್ಲ. ಗಾಳಿ ಬೀಸಿದರೆ ಒಂದು ಬೆರಳು ಹೆಚ್ಚು, ಮೇಲೆ ಯಾರೋ ಎಮ್ಮೆ ಇಳಿಸಿದರೆ ಅರ್ಧ ಬೆರಳು ಏರುಪೇರು. ಈ ಕುಣಿತದ ನಡುವೆ ನೀರಿನ ಮಟ್ಟ ನಿಜವಾಗಿ ಬದಲಾದ ದಿನ ಯಾವುದು ಎಂದು ಹೇಗೆ ಹಿಡಿಯುವುದು? ಕಾಕಾ ದಿನದ ಅಳತೆಯಿಂದ ಇರಬೇಕಾದ ಅಳತೆಯನ್ನು ಕಳೆದು, ಉಳಿದದ್ದನ್ನು ನಿನ್ನೆಯ ಮೊತ್ತಕ್ಕೆ ಕೂಡಿಸುತ್ತ ಹೋಗುತ್ತಿದ್ದರು. ಒಮ್ಮೆ ನನಗೂ ತೋರಿಸಿದ್ದರು.

"ಸುಮ್ನ ಕುಣಿಯೋದಿದ್ರ ಒಂದಿನ ಹೆಚ್ಚು, ಒಂದಿನ ಕಮ್ಮಿ. ಕೂಡಿಸಿದ್ರ ಸೊನ್ನಿ ಸುತ್ತಮುತ್ತಾನ ಅಡ್ಡಾಡ್ತದ. ಖರೇನ ಬದಲಾಗಿತ್ತಂದ್ರ ಮೊತ್ತ ಒಂದ ಕಡಿ ಏರ್ಕೊಂತ ಇಲ್ಲಾ ಇಳ್ಕೊಂತ ಹೊಕ್ಕದ. ಎಲ್ಲಿಂದ ಇಳಿಯಾಕತ್ತದೋ, ಅವತ್ತ ಯಾವನೋ ಮ್ಯಾಲ ಕಳ್ಳ ಪೈಪ್ ಹಾಕ್ಯಾನ, ಎಲ್ಲಿಂದ ಏರಾಕತ್ತದೋ, ಅವತ್ತ ಯಾವನೋ ತೆಗ್ದಾನ."

ಹೀಗೆ ಅವರು ಮನೆಯಲ್ಲಿ ಕುಳಿತೇ ಎಷ್ಟು ಪೈಪುಗಳನ್ನು ಹಿಡಿದರೋ... ಆ ರೈತರು ಅವರಿಗೆ ಹಾಕಿದ ಶಾಪಗಳನ್ನೂ ಅವರು ಅಷ್ಟೇ ಸಂತೋಷದಿಂದ ಹೇಳುತ್ತಿದ್ದರು.

ಈಗ ಕೊಂಕಲ್‌ನ ವಿಷಯ. ಅಲ್ಲಿಯ ಮನೆಯೊಂದರಲ್ಲಿ ಹನ್ನೊಂದು ವರ್ಷದ ಹುಡುಗನಿಗೆ ಸ್ನಾಯುಗಳು ದಿನೇ ದಿನೇ ಬಲ ಕಳೆದುಕೊಳ್ಳುವ ರೋಗವಿತ್ತು. ಐದರಲ್ಲಿ ಎಡವುತ್ತಿದ್ದ, ಎಂಟರಲ್ಲಿ ಮೆಟ್ಟಿಲು ಹತ್ತುವುದು ನಿಂತಿತ್ತು, ಈಗ ಅಪ್ಪ ಎತ್ತಿಕೊಂಡು ಕೂರಿಸಬೇಕು. ಹುಟ್ಟಿನಿಂದಲೇ ಬರುವ ರೋಗ. ತಾಯಿಯ ಕಡೆಯಿಂದ ಇಳಿಯುತ್ತದೆ, ಹೆಚ್ಚಾಗಿ ಗಂಡು ಮಕ್ಕಳನ್ನು ಹಿಡಿಯುತ್ತದೆ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಆರೋಗ್ಯವಾಗಿದ್ದೇ ಅದನ್ನು ಮುಂದಿನ ತಲೆಮಾರಿಗೆ ದಾಟಿಸಬಹುದು. ದೂರದ ನಗರದ ಪ್ರಯೋಗಾಲಯವೊಂದರಿಂದ ಬಂದವರು ಮನೆಮಂದಿಯ ರಕ್ತ ತೆಗೆದುಕೊಳ್ಳುತ್ತಾರೆ ಎಂದು ತಿಳಿದು ನಾನು ನೋಟ್‌ಬುಕ್ ಹಿಡಿದು ಹೋದೆ.

ಹುಡುಗನ ಬಾಯಿ ಮಾತ್ರ ಚುರುಕಾಗಿತ್ತು. "ಪೇಪರಿನ್ಯಾಗ ನನ್ನ ಫೋಟೋ ಬರ್ತದೇನ್ರಿ? ಹಂಗಾರ ಕುಂತು ತೆಗಸ್ತೀನಿ. ನಿಂತ್ರ ಫೋಟೋ ಅಲ್ಲ, ಸಿನಿಮಾ ಆಗ್ತದ" ಎಂದ. ಎಲ್ಲರೂ ನಕ್ಕರು. ಅವನ ಅಕ್ಕ ನಗಲಿಲ್ಲ. ಅವಳನ್ನು ಸಾವಿತ್ರಿ ಎಂದು ಕರೆಯುತ್ತೇನೆ, ನಿಜ ಹೆಸರು ಬೇರೆ. ಮದುವೆಯಾಗಿ ಎರಡು ವರ್ಷ ಆಗಿತ್ತು. ಅದೇ ಊರಿನಲ್ಲಿ, ನಾಲ್ಕು ಮನೆ ಆಚೆ ಗಂಡನ ಮನೆ. ರಕ್ತ ತೆಗೆಯುವವರು ಮುಗಿಸುವವರೆಗೆ ಕಾದು ಆಮೇಲೆ ನನ್ನನ್ನು ಕೇಳಿದಳು: "ಇದು ನನ್ನಾಗೂ ಅದನೋ ಇಲ್ಲೋ, ಖರೇ ಹೇಳ್ತಾರೇನ್ರಿ ಅವ್ರು?"

ಹೇಳುತ್ತಾರೆ ಎಂದೆ.

"ಇದ್ರ ನಾ ಹಡಿಯಂಗಿಲ್ಲ. ಮನಿಯವ್ರಿಗೆ ಹೇಳಿಬಿಟ್ಟೀನಿ, ಬ್ಯಾರೆ ಮದುವಿ ಮಾಡ್ಕೋರಿ ಅಂತ. ನನ್ನ ಕಣ್ಣ ಮುಂದ ಇನ್ನೊಂದು ಹುಡುಗ ಹಿಂಗ ಕೂಡೂದು ಬ್ಯಾಡ."

ಗಂಡ ಬಾಗಿಲಲ್ಲಿ ನಿಂತಿದ್ದ. ಅವನ ತಾಯಿ, ಎಪ್ಪತ್ತರ ಹತ್ತಿರದ ಅಜ್ಜಿ, ತೋಳು ಮುಂದೆ ಚಾಚಿದಳು. "ನಂದೂ ತಗೋರೆಪಾ. ನನ್ನ ರಕ್ತ ಗಟ್ಟಿ ಅದ. ನಾಲ್ಕು ಹಡದೀನಿ." ಬಂದವರು ಅದನ್ನೂ ತೆಗೆದುಕೊಂಡರು. ಒಟ್ಟು ನಾಲ್ಕು ಸೀಸೆಗಳು: ಹುಡುಗ, ಅವನ ತಾಯಿ, ಸಾವಿತ್ರಿ, ಸಾವಿತ್ರಿಯ ಅತ್ತೆ. ಒಂದೇ ಮಂಜುಗಡ್ಡೆಯ ಡಬ್ಬಿಯಲ್ಲಿ ಇಟ್ಟು, ಏಪ್ರಿಲ್ ಬಿಸಿಲಿನಲ್ಲಿ ಜೀಪು ಹತ್ತಿಸಿದರು.

ಎರಡು ತಿಂಗಳ ನಂತರ ಆ ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಸುರಪುರದ ತನ್ನ ತವರಿಗೆ ಬಂದಳು. ಅವಳನ್ನು ರೇಣುಕಾ ಎನ್ನೋಣ. ಊರಿಗೆ ಬಂದು ರಕ್ತ ಒಯ್ದವಳು ಅವಳಲ್ಲ. ಅಳತೆಗಳನ್ನು ಕಂಪ್ಯೂಟರಿನಲ್ಲಿ ಓದುವ ಲೆಕ್ಕ ಅವಳದು. ನಮ್ಮ ಸುರಪುರದ ಹುಡುಗಿ, ನಮ್ಮ ಕೊಂಕಲ್‌ನ ಮನೆ, ಭಾನುವಾರದ ಪುಟಕ್ಕೆ ಹೇಳಿ ಮಾಡಿಸಿದ ಸುದ್ದಿ. ಅವಳ ಬಳಿ ಉತ್ತರವೂ ಇತ್ತು. ಸಾವಿತ್ರಿಯಲ್ಲಿ ಬದಲಾವಣೆ ಕಂಡಿದೆ, ಮನೆಯವರಿಗೆ ಸೋಮವಾರ ನಗರದಲ್ಲಿ ಡಾಕ್ಟರರೇ ಹೇಳುತ್ತಾರೆ, ಅಲ್ಲಿಯವರೆಗೆ ಬರೆಯಬಾರದು ಎಂದಳು. ನಾನು ಒಪ್ಪಿದೆ. ವಿಜ್ಞಾನದ ಭಾಗವನ್ನಷ್ಟೇ ಭಾನುವಾರಕ್ಕೆ ಬರೆಯುವುದು ಎಂದಾಯಿತು.

ಆದರೆ ಅವಳು ಹೇಳಿದ್ದು ನನಗೆ ತಿಳಿಯಲಿಲ್ಲ. ನನಗೇ ತಿಳಿಯದ್ದನ್ನು ಓದುಗರಿಗೆ ಹೇಗೆ ತಿಳಿಸುವುದು? ಸಾಲಾಗಿ ಸಾವಿರಾರು ಅಳತೆಗಳು, ಎಲ್ಲವೂ ಕುಣಿಯುತ್ತವೆ, ಕುಣಿತದ ನಡುವೆ ಮಟ್ಟ ಬದಲಾದ ಜಾಗ ಹುಡುಕಬೇಕು ಎಂದು ಅವಳು ಮೂರನೆಯ ಸಲ ವಿವರಿಸಿದಾಗ ನನಗೆ ಹೊಳೆಯಿತು. ಇದನ್ನು ನಾನು ಕೇಳಿದ್ದೇನೆ. ನೆರೆಮನೆಯಲ್ಲೇ ಕೇಳಿದ್ದೇನೆ.

ಶುಕ್ರವಾರ ಮಧ್ಯಾಹ್ನ ಅವಳನ್ನು ಗೇಜ್ ಕಾಕಾರ ಪಡಸಾಲೆಗೆ ಕರೆದೊಯ್ದೆ. ಒಳ್ಳೆಯ ಹೋಲಿಕೆಯೊಂದು ಸಿಕ್ಕರೆ ಸಾಕಿತ್ತು ನನಗೆ. ಅಷ್ಟೇ ಆಸೆ.

ರೇಣುಕಾ ಉದ್ದನೆಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಮಾಡಿ ತಂದಿದ್ದಳು. ಮೂರು ಸುರುಳಿಗಳು. ಬಿಚ್ಚಿದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಬಂದವು. ಗಾಳಿಗೆ ಹಾರದಂತೆ ನೀರಿನ ಚೊಂಬು, ರುಬ್ಬುಗುಂಡು, ನನ್ನ ಚಪ್ಪಲಿ ಇಟ್ಟೆವು. ಕಾಕಾ ಕಾಲು ತೊಳೆದುಕೊಂಡು ಬಂದು ಹಾಳೆಯ ಪಕ್ಕ ನಿಂತರು.

"ಇದೆಷ್ಟು ಕಿಲೋಮೀಟರಿನ ಕೆನಾಲ್ ಯವ್ವಾ?"

"ಕೆನಾಲ್ ಅಲ್ರಿ ಕಾಕಾ, ವರ್ಣತಂತು. ನಮ್ಮ ಮೈಯಾಗಿನ ಒಂದು ದಾರ ಅನ್ರಿ. ಇಡೀ ದೇಹ ಹೆಂಗಿರಬೇಕಂತ ಅದರ ಉದ್ದಕ್ಕೂ ಬರ್ದಿರ್ತದ. ಈ ದಾರ ಹೆಣ್ಮಕ್ಕಳಿಗೆ ಎರಡು ಇರ್ತಾವ, ಗಂಡಸರಿಗೆ ಒಂದೇ. ಕೆಲವ್ರಿಗೆ ನಡುವಿನ ಒಂದು ತುಂಡು ಇರಂಗಿಲ್ಲ. ಕೆಲವ್ರಿಗೆ ಅದೇ ತುಂಡು ಎರಡು ಸಲ ಇರ್ತದ. ಎರಡೂ ಕೆಟ್ಟದ್ದೇ. ಎಲ್ಲಿ ಕಮ್ಮಿ, ಎಲ್ಲಿ ಹೆಚ್ಚು ಅಂತ ಹುಡುಕೋದು ನನ್ನ ಕೆಲಸ."

"ಹೆಂಗ ಅಳಿತಿ?"

"ಇನ್ನೊಬ್ರ ಜೋಡಿ ಹೋಲಿಸಿ. ಅವ್ರದ್ದೂ ಇವ್ರದ್ದೂ ಸಮ ಇದ್ರ ಗೆರಿ ಒಂದರ ಮ್ಯಾಲ ಇರ್ತದ. ಇವ್ರದ್ದು ಅರ್ಧ ಇದ್ರ ಕೆಳಗಿಳಿತದ, ಹೆಚ್ಚಿದ್ರ ಏರ್ತದ. ಆದ್ರ ಅಳತಿ ಭಾಳ ಕುಣಿತಾವ್ರಿ."

ಕಾಕಾ ಒಳಗೆ ಹೋಗಿ ತಮ್ಮ ಹಳೆಯ ನೋಟ್‌ಬುಕ್ ತಂದು ಅವಳ ಮುಂದೆ ಬಿಚ್ಚಿದರು. ಕಳೆದು ಕೂಡಿಸುವ ಲೆಕ್ಕ. ರೇಣುಕಾ ಎರಡು ಪುಟ ನೋಡಿದಳು. ನಂತರ ನೆಲದ ಮೇಲೆ ಕುಳಿತುಬಿಟ್ಟಳು.

"ಕಾಕಾ, ಇದ ಲೆಕ್ಕಕ್ಕ ನಾ ಆರು ತಿಂಗಳು ಕೋಡ್ ಬರ್ದೀನ್ರಿ! ನೀವು ಯಾವ ಕಾಲೇಜು?"

"ಕೆನಾಲ್ ಕಾಲೇಜು. ಹಾಜರಿ ದಿನಾ ಎರಡು ಸಲ."

ಆಮೇಲೆ ನಾನು ಅಲ್ಲಿ ಇದ್ದದ್ದು ಇಬ್ಬರಿಗೂ ನೆನಪಿರಲಿಲ್ಲ. ಅವಳು ಹೇಳುತ್ತಿದ್ದಳು, ಅವರು ತಡೆದು ಕೇಳುತ್ತಿದ್ದರು. ಮೊತ್ತ ಏರಿದ್ದು ಆಕಸ್ಮಿಕವೇ ನಿಜವೇ ಎಂದು ಹೇಗೆ ತೀರ್ಮಾನಿಸುತ್ತೀ ಎಂದರು. ಅಳತೆಗಳ ಕ್ರಮವನ್ನು ಕಲಸಿ ಮತ್ತೆ ಲೆಕ್ಕ ಹಾಕುತ್ತೇನೆ, ಸಾವಿರ ಸಲ ಕಲಸಿದರೂ ಅಂಥ ಏರು ಬರದಿದ್ದರೆ ಅದು ನಿಜ ಎಂದಳು. "ಅಂದ್ರ ಇಸ್ಪೀಟ್ ಎಲಿ ಕಲಸಿದಂಗ! ಸಾವಿರ ಸಲ ಕಲಸಿದ್ರೂ ಒಬ್ಬನ ಕೈಯಾಗ ನಾಲ್ಕೂ ರಾಜಾ ಬರ್ಲಿಲ್ಲ, ಆದ್ರ ಆಟದಾಗ ಬಂದ್ವು ಅಂದ್ರ ಯಾವನೋ ಕೈಚಳಕ ಮಾಡ್ಯಾನ" ಎಂದು ಕಾಕಾ ತೊಡೆ ತಟ್ಟಿಕೊಂಡರು. ನಾನು ಅವರನ್ನು ಅಷ್ಟು ಉತ್ಸಾಹದಲ್ಲಿ ನೋಡಿರಲಿಲ್ಲ. ನನ್ನ ಹೋಲಿಕೆ ಸಿಕ್ಕಿತ್ತು. ಒಂದಲ್ಲ, ಎರಡು. ಎದ್ದು ಹೊರಡಬಹುದಿತ್ತು.

ಅಷ್ಟರಲ್ಲಿ ಕಾಕಾ ಹಾಳೆಗಳ ಪಕ್ಕ ನಡೆಯತೊಡಗಿದರು. ಕಾಲುವೆಯ ದಂಡೆಯ ಮೇಲೆ ನಡೆದಂತೆಯೇ, ಕೈ ಹಿಂದಕ್ಕೆ ಕಟ್ಟಿಕೊಂಡು, ಕಣ್ಣು ಕೆಳಗೆ. ಎಡಗಡೆಯದು ಹುಡುಗನ ಸುರುಳಿ. ಗೆರೆ ಉದ್ದಕ್ಕೂ ಬಂದು ಒಂದು ಕಡೆ ಪಾತಾಳಕ್ಕೆ ಬಿದ್ದು, ಗೇಣುದ್ದ ಕೆಳಗೇ ಹರಿದು, ಮತ್ತೆ ಏರಿ ಮೊದಲಿನ ಮಟ್ಟಕ್ಕೆ ಬರುತ್ತಿತ್ತು. ಅಲ್ಲಿ ತುಂಡು ಇಲ್ಲ, ಅದೇ ಅವನ ರೋಗ. ನಡುವಿನದು ತಾಯಿಯದು. ಒಂದರ ಮೇಲೆ ಸಪಾಟು. ಬಲಗಡೆಯದು ಸಾವಿತ್ರಿಯದು. ಅದರಲ್ಲಿ ಗೆರೆ ಒಂದು ಕಡೆ ಏರಿ, ಗೇಣುದ್ದ ಎತ್ತರದಲ್ಲೇ ಹೋಗಿ ಇಳಿದಿತ್ತು. ಅಲ್ಲಿ ತುಂಡು ಹೆಚ್ಚಿದೆ. ಸೋಮವಾರ ಡಾಕ್ಟರರು ಅವಳಿಗೆ ಹೇಳಲಿದ್ದ ಮಾತು ಅದೇ.

ಕಾಕಾ ಮೂಲೆಯಲ್ಲಿದ್ದ ಬಟ್ಟೆ ಒಣಹಾಕುವ ಕೋಲು ತಂದು ಮೂರೂ ಹಾಳೆಗಳ ಮೇಲೆ ಅಡ್ಡ ಇಟ್ಟರು. ಹುಡುಗನ ಗೆರೆ ಬಿದ್ದ ಜಾಗಕ್ಕೆ ಸರಿಯಾಗಿ. ಕೋಲು ಸಾವಿತ್ರಿಯ ಗೆರೆ ಏರಿದ ಜಾಗದ ಮೇಲೇ ಬಿತ್ತು. ಕೋಲನ್ನು ಸರಿಸಿ ಹುಡುಗನ ಗೆರೆ ಮತ್ತೆ ಎದ್ದ ಜಾಗಕ್ಕೆ ಇಟ್ಟರು. ಸಾವಿತ್ರಿಯ ಗೆರೆ ಇಳಿದದ್ದು ಅಲ್ಲಿಯೇ.

"ತಮ್ಮಂದು ಬಿದ್ದ ಮೈಲಿಗಲ್ಲಿಗೆ ಅಕ್ಕಂದು ಏರ್ಯದ. ತಮ್ಮಂದು ಎದ್ದ ಕಲ್ಲಿಗೆ ಅಕ್ಕಂದು ಇಳದದ. ಕೂದಲೆಳಿ ಫರಕ್ ಇಲ್ಲ. ನಡಕಿನ ತಾಯಿಗೆ ಏನೂ ಆಗಿಲ್ಲ. ಇದೆಂಥ ಕೆನಾಲ್ ಬೇ?"

"ಒಂದೇ ಜಾಗದಾಗ ಮುರಿಯೋದು ಆಗ್ತದ್ರಿ ಕಾಕಾ. ಆ ಜಾಗನ ನಾಜೂಕು..." ಎಂದಳು ರೇಣುಕಾ. ಆದರೆ ಧ್ವನಿ ಮೊದಲಿನಂತಿರಲಿಲ್ಲ.

ಕಾಕಾ ಕೋಲು ಹಿಡಿದೇ ಗೋಡೆಗೆ ಒರಗಿದರು. ಆಗ ಹೇಳಿದ್ದು, ಅದಕ್ಕೂ ಮುಂಚೆ ನನಗೆ ಎಂದೂ ಹೇಳದ ಸಂಗತಿ. ನೌಕರಿಯ ಏಳನೆಯ ವರ್ಷವೋ ಎಂಟನೆಯದೋ... ಅವರ ಪಟ್ಟಿ ದಿನವೂ ಹೆಚ್ಚು ನೀರು ತೋರಿಸಹತ್ತಿತು. ಕೂಡಿಸಿದರೆ ಮೊತ್ತ ಏರುತ್ತಲೇ ಹೋಯಿತು. ತಮ್ಮ ಲೆಕ್ಕದ ಮೇಲೆ ಅವರಿಗೆ ಭಾರಿ ನಂಬಿಕೆ. ನೀರು ಜಾಸ್ತಿ ಬರುತ್ತಿದೆ ಎಂದು ಬರೆದು ಕಳಿಸಿದರು. ಮೇಲಿನವರು ಗೇಟು ಇಳಿಸಿದರು. ಹದಿನೆಂಟು ದಿನದಲ್ಲಿ ಕಾಲುವೆಯ ಕೊನೆಯ ಊರಿನ ಭತ್ತ ಹಾಲು ತುಂಬುವ ಹೊತ್ತಿಗೆ ಒಣಗಿ ನಿಂತಿತು. ಹೆಂಗಸರು ಒಣ ತೆನೆ ತಂದು ಇವರ ಸೈಕಲ್ಲಿಗೆ ಕಟ್ಟಿ ಹೋದರು. ಆಮೇಲೆ ಒಂದು ದಿನ ಇವರು ಪಟ್ಟಿ ಬಿಟ್ಟು ಸೇತುವೆಯ ಕಲ್ಲಿನ ಕಂಬ ನೋಡಿದರು. ಕಲ್ಲಿನ ಮೇಲೆ ನೀರಿನ ಕಲೆ ಹಳೆಯ ಜಾಗದಲ್ಲೇ ಇತ್ತು. ಎರೆ ಮಣ್ಣು ತೊಯ್ದು ಸಡಿಲಾಗಿ ಪಟ್ಟಿಯ ಕಂಬ ಕುಸಿದಿತ್ತು.

"ನೀರು ಏರಿರ್ಲಿಲ್ಲ ತಂಗಿ. ಪಟ್ಟಿ ಇಳದಿತ್ತು. ಲೆಕ್ಕ ಬರೋಬ್ಬರಿ ಇತ್ತು, ನೆಟ್ಟ ಜಾಗ ತಪ್ಪಿತ್ತು. ಅದಕ್ಕ ಕೇಳ್ತೀನಿ. ನೀ ಪಟ್ಟಿ ಎಲ್ಲಿ ನೆಟ್ಟೀದಿ? ಯಾರ ಜೋಡಿ ಹೋಲಿಸೀದಿ?"

ರೇಣುಕಾ ಚೀಲದಿಂದ ಕಾಗದ ತೆಗೆದಳು. ದಾರಿಯ ಬಿಸಿಲಿಗೆ ಡಬ್ಬಿಯ ಸೀಸೆಗಳೆಲ್ಲ ಒಂದೇ ರೀತಿ ಸ್ವಲ್ಪ ಕೆಟ್ಟಿದ್ದವು. ಪ್ರಯೋಗಾಲಯದ ಬೇರೆ ರಕ್ತದೊಂದಿಗೆ ಹೋಲಿಸಿದರೆ ಕುಣಿತ ವಿಪರೀತ. ಅದೇ ಡಬ್ಬಿಯ, ಅದೇ ಬಿಸಿಲು ಕಂಡ ರಕ್ತದೊಂದಿಗೆ ಹೋಲಿಸಿದರೆ ಕುಣಿತ ಕುಣಿತಕ್ಕೆ ಹೊಡೆದು ಗೆರೆ ಶುದ್ಧವಾಗುತ್ತದೆ. ಡಬ್ಬಿಯಲ್ಲಿ ಮನೆತನದ ರಕ್ತವಲ್ಲದ ಹೆಂಗಸು ಒಬ್ಬಳೇ.

"ಸಾವಿತ್ರಿ ಅವ್ರ ಅತ್ತಿರಿ. ರಕ್ತಸಂಬಂಧ ಇಲ್ಲ."

"ಅಂತ ಯಾರು ಹೇಳ್ಯಾರ?"

"ಫಾರ್ಮಿನ್ಯಾಗ 'ಅತ್ತೆ' ಅಂತ ಅದರಿ. ನಮ್ಮ ಲ್ಯಾಬಿನವ್ರು ಸಂಬಂಧ ಇಲ್ಲ ಅಂತ ಟಿಕ್ ಹಾಕ್ಯಾರ."

ಕಾಕಾ ನನ್ನ ಕಡೆ ತಿರುಗಿದರು. "ಪೇಪರಿನವ್ನ, ನೀ ಕೊಂಕಲ್‌ಕ್ಕ ಹೋಗಿದ್ದೆಲ್ಲ. ಆ ಹುಡುಗಿನ್ನ ಯಾರಿಗೆ ಕೊಟ್ಟಾರ?"

ನಾನು ನೋಟ್‌ಬುಕ್ ತೆಗೆದೆ. ತೆಗೆಯುವ ಅಗತ್ಯವಿರಲಿಲ್ಲ, ನನಗೆ ಗೊತ್ತಿತ್ತು. ಆದರೂ ಬರೆದದ್ದನ್ನು ನೋಡಿಯೇ ಹೇಳುವುದು ಅಭ್ಯಾಸ. ನನ್ನದೇ ಕೈಬರಹದಲ್ಲಿ ಅಲ್ಲಿ ಇತ್ತು: ಸೋದರಮಾವನಿಗೆ ಕೊಟ್ಟಿದ್ದಾರೆ, ತಾಯಿಯ ಖಾಸ ತಮ್ಮ.

ಸಾವಿತ್ರಿಯ ಅತ್ತೆ ಅವಳ ತಾಯಿಯ ತಾಯಿ. ಅವಳ ಅಜ್ಜಿ. ಆ ಹುಡುಗನಿಗೂ ಅಜ್ಜಿ. ರೋಗ ಇಳಿದು ಬರುವ ದಾರಿಯ ಮೇಲಿನ ತುದಿಯಲ್ಲೇ ಪಟ್ಟಿ ನೆಟ್ಟಿತ್ತು.

ಇದರಲ್ಲಿ ಗುಟ್ಟೇನೂ ಇರಲಿಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ಓಣಿಗೆ ನಾಲ್ಕು ಮನೆಯ ಮಾತು. ನನ್ನ ಸ್ವಂತ ಅಕ್ಕನನ್ನು ಕೊಟ್ಟದ್ದೂ ಸೋದರಮಾವನಿಗೆ. ರೇಣುಕಾಳ ದೊಡ್ಡಮ್ಮನದೂ ಹಾಗೆಯೇ ಎಂದು ಆಮೇಲೆ ಹೇಳಿದಳು. ಅಷ್ಟು ಸಹಜವಾದದ್ದರಿಂದ ಕೊಂಕಲ್‌ನವರು ಹೇಳಲಿಲ್ಲ, ದೂರದವರು ಕೇಳಲಿಲ್ಲ. ನಾನು ಬರೆದುಕೊಂಡೆ, ಓದಲಿಲ್ಲ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿದ ನೆನಪಿಲ್ಲ.

ನೋಟ್‌ಬುಕ್ಕಿನ ಕೆಳಗಿನ ಸಾಲನ್ನೂ ಓದಿದೆ. ಅಜ್ಜಿಯ ಹಿರಿಯ ಮಗ ಹದಿನೇಳಕ್ಕೆ ತೀರಿಕೊಂಡಿದ್ದ. ಕಾಲು ಬಿದ್ದಿದ್ದವು.

ರೇಣುಕಾ ಪೆನ್ಸಿಲ್ ಕಿತ್ತುಕೊಂಡು ಹಾಳೆಯ ಅಂಚಿನಲ್ಲೇ ಬರೆಯತೊಡಗಿದಳು. ಅಜ್ಜಿಗೆ ಆ ಜಾಗದಲ್ಲಿ ಎರಡರ ಬದಲು ಒಂದೇ ತುಂಡು ಇದೆ ಎಂದುಕೊಳ್ಳೋಣ. ಅವಳ ಮಗಳಿಗೂ, ಅಂದರೆ ಹುಡುಗನ ತಾಯಿಗೂ, ಒಂದೇ. ಒಂದಕ್ಕೆ ಒಂದು ಹೋಲಿಸಿದರೆ ಸಮ, ಗೆರೆ ಸಪಾಟು. ಅದಕ್ಕೇ ತಾಯಿಯದು ಸಪಾಟು. ಹುಡುಗನಿಗೆ ಸೊನ್ನೆ. ಗೆರೆ ಬೀಳಲೇಬೇಕು, ಬಿದ್ದಿದೆ. ಸಾವಿತ್ರಿಯದು ಏರಿದೆ. ಅಜ್ಜಿಯ ಒಂದರ ಎದುರು ಇವಳದ್ದು ಎರಡು...

"ಎರಡು! ಕಾಕಾ, ಎರಡಿರಬೇಕಾದ್ದು ಎರಡೇ ಅದಾವ್ರಿ! ಅಕಿಗೆ ಏನೂ ಆಗಿಲ್ಲ! ಅಕಿದು ಹೆಚ್ಚಾಗಿಲ್ಲ, ಅಜ್ಜಿದು ಕಮ್ಮಿ ಅದ!"

ಎದ್ದು ನಿಂತಳು, ಕುಳಿತಳು, ಮತ್ತೆ ಎದ್ದಳು. ಚೊಂಬು ಉರುಳಿ ನೀರು ಹುಡುಗನ ಸುರುಳಿಯ ಮೇಲೆ ಹರಿಯಿತು. ನಾನು ಹಾಳೆ ಎತ್ತುವುದು ಬಿಟ್ಟು ನಿಂತಿದ್ದೆ. ಮೂವತ್ತು ವರ್ಷ ಸುದ್ದಿ ಬರೆದಿದ್ದೇನೆ. ಗೊತ್ತಿರದ ಸಂಗತಿಯೊಂದು ಕಣ್ಣೆದುರಿಗೆ ಗೊತ್ತಾಗುವ ಆ ಗಳಿಗೆಯನ್ನು ಅದೊಂದೇ ಸಲ ಕಂಡದ್ದು.

ಕಾಕಾ ಮಾತ್ರ ಕೈ ಎತ್ತಿದರು. "ತಡಿ ತಂಗಿ. ಇದು ನನ್ನ ಅನುಮಾನ. ಅಳತಿ ಅಲ್ಲ. ಬ್ಯಾರೆ ಜಾಗದಾಗ ಪಟ್ಟಿ ನೆಡು, ಮತ್ತ ಓದು. ಅಲ್ಲಿತನ ಆ ಹುಡುಗಿಗೆ ಹೌದೂ ಅನಬ್ಯಾಡ್ರಿ, ಅಲ್ಲಾನೂ ಅನಬ್ಯಾಡ್ರಿ."

ರೇಣುಕಾ ಅಲ್ಲಿಂದಲೇ ತನ್ನ ಪ್ರೊಫೆಸರಿಗೆ ಫೋನು ಮಾಡಿದಳು. ಅವರು ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡರು. ನಂತರ ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದ್ದು ನನಗೂ ಕೇಳಿಸಿತು. "ಗೇಜ್ ರೀಡರ್ ಸರ್" ಎಂದಳು. ಅದು ಯಾವ ಯಂತ್ರ ಎಂದು ಅವರು ಕೇಳಿದರಂತೆ. ಕಾಕಾ ಈ ಮಾತಿಗೆ ಮಾತ್ರ ಬಹಳ ನಕ್ಕರು. ಸೋಮವಾರದ ಭೇಟಿಯನ್ನು ಮುಂದಕ್ಕೆ ಹಾಕಿದರು. ನಾನು ಭಾನುವಾರದ ವರದಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಪುಟ ಖಾಲಿ ಬಿಟ್ಟದ್ದಕ್ಕೆ ಸಂಪಾದಕರಿಂದ ಬೈಗುಳ ತಿಂದೆ. ಅಂಥ ಖುಷಿಯ ಬೈಗುಳವನ್ನು ಮತ್ತೆ ತಿಂದಿಲ್ಲ.

ಹೊಸದಾಗಿ ರಕ್ತ ತೆಗೆದರು. ಈ ಸಲ ಬೇರೆ ಜಿಲ್ಲೆಯ, ಯಾವ ನಂಟೂ ಇಲ್ಲದ ಹಲವು ಹೆಂಗಸರ ರಕ್ತದೊಂದಿಗೆ ಹೋಲಿಸಿದರು. ಇನ್ನೊಂದು ವಿಧಾನದಲ್ಲೂ ಪರೀಕ್ಷಿಸಿದರು. ಐದು ವಾರ ಹಿಡಿಯಿತು. ಆ ಐದು ವಾರ ಕಾಕಾ ಒಂದು ದಿನವೂ ವಿಷಯ ಎತ್ತಲಿಲ್ಲ, ಆದರೆ ಫೋನು ಬಂತೇ ಎಂದು ತಿಳಿಯಲು ದಿನವೂ ಎರಡು ಸಲ ನನ್ನ ಬಾಗಿಲ ಮುಂದೆ ಹಾದುಹೋದರು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ.

ಡಾಕ್ಟರರು ಹೇಳಿದ ಮರುದಿನ ಕೊಂಕಲ್‌ಗೆ ಹೋದೆವು. ಕಾಕಾ, ರೇಣುಕಾ, ನಾನು, ಸಾರಿಗೆ ಬಸ್ಸಿನಲ್ಲಿ. ಅಜ್ಜಿಯ ಗೆರೆ ಆ ಜಾಗದಲ್ಲಿ ಅರ್ಧಕ್ಕೆ ಇಳಿದಿತ್ತು. ತಾಯಿಯದೂ ಇಳಿದಿತ್ತು. ಸಾವಿತ್ರಿಯದು ಈ ತುದಿಯಿಂದ ಆ ತುದಿಗೆ ಸಪಾಟು.

ಸಾವಿತ್ರಿ ರೇಣುಕಾಳನ್ನು ಮೂರು ಸಲ "ಖರೇನ್ರಿ?" ಎಂದು ಕೇಳಿದಳು. ಮೂರನೆಯ ಸಲಕ್ಕೆ ಗಂಡ, ಅಷ್ಟು ದಿನ ಬಾಯಿ ಬಿಡದಿದ್ದವನು, "ಎಷ್ಟು ಸಲ ಕೇಳ್ತೀ, ಆ ಅಕ್ಕೋರು ಬ್ಯಾಸತ್ತು ಹಾಂ ಅಂದಿದ್ದನ್ನ ಇಲ್ಲ ಅಂದಾರು" ಎಂದ. ಅವಳು ನಕ್ಕಳು, ತಕ್ಷಣ ತಮ್ಮನ ಕಡೆ ನೋಡಿ ನಿಲ್ಲಿಸಿದಳು. ಅವನಿಗೆ ಆ ಹಾಳೆಯಲ್ಲಿ ಏನೂ ಬದಲಾಗಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊ‌ತ್ತಿತ್ತು, ಅವನಿಗೇ ಮೊದಲು.

"ಯಕ್ಕಾ, ನಗು" ಎಂದ ಅವನು. "ನಿನ್ನ ಮಗ ಬೌಲಿಂಗ್ ಮಾಡ್ಲಿ. ನಾ ಅಂಪೈರ್. ಅಂಪೈರ್ ಓಡೂದಿಲ್ಲ."

ಅಜ್ಜಿ ಕಂಬಕ್ಕೆ ಒರಗಿ ಕುಳಿತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ತನ್ನ ತೋಳನ್ನೇ ನೋಡಿಕೊಳ್ಳುತ್ತ, "ಹಂಗಾರ ನನ್ನಿಂದಾನ? ನನ್ನ ಹಿರೇ ಮಗನೂ?" ಎಂದಳು. ಕಾಕಾ ಎದ್ದು ಹೋಗಿ ಅವಳ ಪಕ್ಕ ನೆಲದ ಮೇಲೆ ಕುಳಿತರು.

"ಅವ್ವಾ, ನಿಮಗೂ ಯಾರೋ ಕೊಟ್ಟಿದ್ದ. ಅವ್ರಿಗೂ ಗೊತ್ತಿರ್ಲಿಲ್ಲ. ನೀವು ಅವತ್ತ ತೋಳು ಚಾಚಿದ್ರಿ ನೋಡ್ರಿ, ಅದಕ್ಕ ಇವತ್ತು ಗೊತ್ತಾತು. ನಿಮ್ಮ ಸಣ್ಣ ಮಗಳು ಕೊಡೇಕಲ್ದಾಗ ಅದಾಳಂತಲ್ಲ? ಅಕಿಗೂ ಹೇಳ್ರಿ. ಅಕಿ ಹೆಣ್ಮಕ್ಕಳಿಗೂ ಹೇಳ್ರಿ."

ಅಜ್ಜಿ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ...

ಹಿಂದಿರುಗುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಪಕ್ಕ ಕುಳಿತಿದ್ದರು. ಆ ಒಣಗಿದ ಭತ್ತದ ಊರು ದಾರಿಯಲ್ಲೇ ಬಂತು. ಇಳಿಯುತ್ತಾರೆಯೇ ಎಂದು ನೋಡಿದೆ. ಇಳಿಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನನ್ನ ವರದಿ ಕೊನೆಗೂ ಬಂತು, ಒಂದು ಕಾಲಂ. ಅವರ ಹೆಸರು ಹಾಕಬಾರದು ಎಂದಿದ್ದರು. ಹಾಕಲಿಲ್ಲ. ಇವತ್ತೂ ಹಾಕಿಲ್ಲ.

ಈಗ ಆ ಸೇತುವೆಯ ಬಳಿ ನೀರಿನ ಮಟ್ಟವನ್ನು ಕಂಬದ ಮೇಲಿನ ಯಂತ್ರ ಓದುತ್ತದೆ. ಅಂಪೈರ್ ಹುಡುಗ ಹತ್ತೊಂಬತ್ತರವರೆಗೆ ಇದ್ದ. ಸಾವಿತ್ರಿಗೆ ಮಗಳೊಬ್ಬಳು, ಮಗನೊಬ್ಬ. ಗೇಜ್ ಕಾಕಾ ತೀರಿಕೊಂಡು ಮೂರು ವರ್ಷವಾಯಿತು. ನಾನೂ ನಿವೃತ್ತ.

ಕಳೆದ ವಾರ ಸಾವಿತ್ರಿ ಫೋನು ಮಾಡಿದ್ದಳು. ಕೊಡೇಕಲ್‌ನ ಆ ಚಿಕ್ಕಮ್ಮನಲ್ಲೂ ಬದಲಾವಣೆ ಇದ್ದದ್ದು ಆಗಲೇ ತಿಳಿದಿತ್ತು. ಈಗ ಚಿಕ್ಕಮ್ಮನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಾಳೆ, ಅವಳ ಪರೀಕ್ಷೆಯ ವರದಿ ಬಂದಿದೆ.

"ಯಾರ ಜೋಡಿ ಹೋಲಿಸ್ಯಾರಂತ ಕೇಳಿದಿ?" ಎಂದೆ.

"ಮೊದ್ಲ ಅದನ್ನ ಕೇಳೀನ್ರಿ ಸರ್, ನಂಟಿಲ್ಲದವ್ರ ಜೋಡೀನ ಹೋಲಿಸ್ಯಾರ. ಫಾರ್ಮಿನ ಹಿಂದ ನಮ್ಮ ಇಡೀ ಮನಿತನ ಬರ್ದು ಕೊಟ್ಟೀನಿ, ಯಾರನ್ನ ಯಾರಿಗೆ ಕೊಟ್ಟಾರ ಎಲ್ಲಾ. ಆ ಡಾಕ್ಟರ್ ನೋಡಿ ಸುಸ್ತಾದ್ರು. ವರದಿಯಾಗಿನ ಗೆರಿ ಫೋಟೋ ಕಳಸೀನಿ, ನೋಡ್ರಿ."

ಚಿತ್ರ ಬಂತು. ಅಂದು ಪಡಸಾಲೆ ತುಂಬಿದ್ದದ್ದು ಈಗ ಅಂಗೈಯೊಳಗಿತ್ತು. ಬೆರಳಿನಿಂದ ದೊಡ್ಡದು ಮಾಡುತ್ತ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದೆ. ಎಲ್ಲಿಯೂ ಬಿದ್ದಿರಲಿಲ್ಲ, ಎಲ್ಲಿಯೂ ಎದ್ದಿರಲಿಲ್ಲ. ಯಾರ ಸಹಾಯವೂ ಇಲ್ಲದೆ ನಾನೇ ಓದಿದ ಮೊದಲ ಗೆರೆ. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಬಂದು ಪಕ್ಕದ ಮನೆಯ ಬಾಗಿಲು ಬಡಿದೆ.

ಬಾಗಿಲು ತೆರೆದ ಹೆಣ್ಣುಮಗಳು ಅಲ್ಲಿಗೆ ಬಾಡಿಗೆಗೆ ಬಂದು ಒಂದು ವರ್ಷವಾಗಿತ್ತು. ಸೊಂಟದ ಮೇಲೆ ಕೂಸು.

"ಏನ್ ಬೇಕಿತ್ರಿ ಅಣ್ಣಾರ?"

ಏನೂ ಇಲ್ಲ ಎಂದೆ. ಫೋನಿನ ಬೆಳಕು ಇನ್ನೂ ಆರಿರಲಿಲ್ಲ.